ಹವಾಲ್ದಾರನ ಕಾಲೇಜು ಅರ್ಜಿ

ಅರ್ಜಿ ಅಂತ ಯಾವುದನ್ನು ಬರೆಯಲು ಕೂತರೂ ನನಗೆ ಏನಾದರೊಂದು ಎಡವಟ್ಟು ಆಗದೆ ಇರುವುದಿಲ್ಲ. ಸೈನ್ಯದಲ್ಲಿದ್ದಾಗ ರಜೆಗೆ ಅರ್ಜಿ ಬರೆದು ವರ್ಗಾವಣೆ ಪಡೆದುಕೊಂಡವನು ನಾನು. ಅಂಥವನು ನಲವತ್ತೆರಡನೆಯ ವಯಸ್ಸಿನಲ್ಲಿ, ಕತಾರಿನಲ್ಲಿ ಕೂತು, ಒಂದಲ್ಲ ಮೂರು ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಿದರೆ ಅದು ಸುಮ್ಮನೆ ಮುಗಿಯುತ್ತದೆಯೇ?

ಊರು ಕಾರ್ಕಳದ ಹತ್ತಿರ. ಪಿಯುಸಿ ಮುಗಿದ ಕೂಡಲೇ ಸೈನ್ಯ ಸೇರಿ, ಹದಿನೇಳು ವರ್ಷ ಸಿಗ್ನಲ್ಸ್ ಎಂಬ ಸಂಪರ್ಕ ವಿಭಾಗದಲ್ಲಿ ರೇಡಿಯೋ ಹಿಡಿದುಕೊಂಡಿದ್ದೆ. ಅಲ್ಲಿಂದಲೇ ಅಂಚೆಯ ಮೂಲಕ ಬಿ.ಎಸ್ಸಿ. ಓದಿ ಎರಡು ವರ್ಷ ಪಾಸು ಮಾಡಿದೆ. ಮೂರನೆಯ ವರ್ಷದ ಪರೀಕ್ಷೆ ಬಂದಾಗ ನಾನು ಹಿಮದ ಗುಡ್ಡದ ಮೇಲಿದ್ದೆ, ಪರೀಕ್ಷಾ ಕೇಂದ್ರ ಗುಡ್ಡದ ಕೆಳಗಿತ್ತು. ಮಧ್ಯದ ದಾರಿ ಮುಚ್ಚಿಹೋಗಿತ್ತು. ಓದು ಅಲ್ಲಿಗೇ ನಿಂತಿತು. ಹವಾಲ್ದಾರನಾಗಿ ಹೊರಬಂದು ಈಗ ರಾಸ್ ಲಫಾನಿನ ಗ್ಯಾಸ್ ಸ್ಥಾವರವೊಂದರಲ್ಲಿ ಸೇಫ್ಟಿ ಕೆಲಸದಲ್ಲಿದ್ದೇನೆ. ಮನೆ ಅಲ್ ಖೋರ್‌ನಲ್ಲಿ. ಹೆಂಡತಿ ನರ್ಸ್, ಮಗಳು ಒಂಬತ್ತನೇ ಕ್ಲಾಸು.

ಒಂದು ದಿನ ಕಂಪನಿಯಿಂದ ಸುತ್ತೋಲೆ ಬಂತು. ದೋಹಾದ ಯಾವುದಾದರೂ ಒಳ್ಳೆಯ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಸೀಟು ಸಿಕ್ಕಿದವರಿಗೆ ಓದು ಮುಗಿಯುವ ತನಕ ರಜೆ, ಆದರೆ ಈ ಅವಕಾಶ ಈ ಒಂದು ವರ್ಷ ಮಾತ್ರ. ಹಳೆಯ ಎರಡು ವರ್ಷದ ಓದನ್ನು ಲೆಕ್ಕಕ್ಕೆ ಹಿಡಿದು ನೇರವಾಗಿ ಎರಡನೆಯ ವರ್ಷಕ್ಕೆ ಸೇರಿಸಿಕೊಳ್ಳುವ ಕ್ರಮವೂ ಅಲ್ಲಿ ಉಂಟಂತೆ. ಹೆಂಡತಿ ಸುತ್ತೋಲೆ ಓದಿ, "ಇಷ್ಟು ವರ್ಷ ಆಫೀಸರುಗಳ ಮಾತು ಕೇಳಿದ್ದು ಸಾಕು. ಹೋಗಿ ಪಾಠ ಕೇಳಿ" ಅಂದಳು.

ಅದು ಸಲಹೆಯೋ ಆರ್ಡರೋ ಗೊತ್ತಾಗಲಿಲ್ಲ. ನಾನು ಆರ್ಡರ್ ಎಂದೇ ತಿಳಿದೆ.

ಪೋಷಕರ ಸಹಿ

ಮೊದಲ ವಿಶ್ವವಿದ್ಯಾಲಯದ ವೆಬ್‌ಸೈಟಿನಲ್ಲಿ ಅರ್ಜಿ ತುಂಬುತ್ತಾ ಹೋದೆ. ನಾಲ್ಕನೆಯ ಪುಟದಲ್ಲಿ 'ತಂದೆ, ತಾಯಿ ಅಥವಾ ಪೋಷಕರ ಸಹಿ' ಎಂದಿತ್ತು. ಖಾಲಿ ಬಿಟ್ಟರೆ ಮುಂದಿನ ಪುಟ ಬಾರದು. ನನ್ನ ಹೆಸರನ್ನೇ ಹಾಕಿದರೆ, 'ಅಭ್ಯರ್ಥಿ ತನಗೆ ತಾನೇ ಪೋಷಕನಾಗುವಂತಿಲ್ಲ' ಎಂದು ಕೆಂಪಕ್ಷರದಲ್ಲಿ ಬಂತು. ಅಪ್ಪ ತೀರಿಹೋಗಿದ್ದಾರೆ. ಊರಿಗೆ, ಅಮ್ಮನಿಗೆ ಫೋನು ಮಾಡಿದೆ.

"ಅಮ್ಮ, ಕಾಲೇಜಿಗೆ ಅರ್ಜಿ ಹಾಕಿದ್ದೇನೆ. ನಿನ್ನದೊಂದು ಸಹಿ ಬೇಕು."

ಅಮ್ಮ ಟೀವಿಯ ಸದ್ದು ತಗ್ಗಿಸಿದ್ದು ಕೇಳಿಸಿತು. ಆಮೇಲೆ, "ಎಂತ ಮಾಡಿದಿ?"

"ಏನೂ ಮಾಡಿಲ್ಲಮ್ಮ."

"ಒಂಬತ್ತನೇ ಕ್ಲಾಸಿನಲ್ಲಿಯೂ ಏನೂ ಮಾಡಿಲ್ಲ ಅಂತಲೇ ಸಹಿ ಹಾಕಿಸಿಕೊಂಡು ಹೋದೆ. ಆಮೇಲೆ ನೋಡಿದರೆ ಗಣಿತದಲ್ಲಿ ಹನ್ನೊಂದು. ಮೊದಲು ಮಾರ್ಕ್ಸ್ ಕಾರ್ಡು ತೋರಿಸು."

ಬೇರೆ ದಾರಿಯಿಲ್ಲದೆ ಬಿ.ಎಸ್ಸಿ. ಅಂಕಪಟ್ಟಿಯ ಫೋಟೋ ಕಳಿಸಿದೆ. ಅರ್ಧ ಗಂಟೆ ಬಿಟ್ಟು ಸಹಿಯ ಫೋಟೋ ಬಂತು. ಅದರ ಹಿಂದೆಯೇ ಒಂದು ಧ್ವನಿ ಸಂದೇಶ: "ಸಹಿ ಹಾಕಿದ್ದೇನೆ. ಫಿಸಿಕ್ಸಿನಲ್ಲಿ ಯಾಕೆ ಕಡಿಮೆ? ಹುಡುಗರೊಟ್ಟಿಗೆ ತಿರುಗುವುದು ಬಿಡು."

ಭಾವನೆ ಹಾಕು

ಅರ್ಜಿಯ ಜೊತೆಗೆ ಒಂದು ಪ್ರಬಂಧ ಬೇಕಿತ್ತು. 'ನಿಮ್ಮ ಜೀವನದಲ್ಲಿ ಎದುರಿಸಿದ ಕಠಿಣ ಸಂದರ್ಭ ಮತ್ತು ಅದರಿಂದ ಕಲಿತ ಪಾಠ.' ನಾನು ಎರಡು ದಿನ ಕೂತು ಬರೆದು, ಇಂಗ್ಲಿಷ್ ತಿದ್ದಲಿಕ್ಕೆ ಮಗಳ ಕೈಗೆ ಕೊಟ್ಟೆ. ಅವಳು ಓದಿದಳು. ಹಾಳೆ ತಿರುಗಿಸಿದಳು. ಹಿಂದೆ ಏನೂ ಇರಲಿಲ್ಲ.

"ಅಪ್ಪ, ಇದು ಎಸ್ಸೇ ಅಲ್ಲ. ಇದು ಪೊಲೀಸ್ ಸ್ಟೇಟ್‌ಮೆಂಟ್."

ನಾನು ಬರೆದದ್ದು ಇಷ್ಟು. ಒಂದು, ಮಂಜು ಬಿತ್ತು. ಎರಡು, ದಾರಿ ಮುಚ್ಚಿತು. ಮೂರು, ಒಂಬತ್ತು ದಿನ ನಾಲ್ಕು ಜನ ಒಂದು ಬಂಕರಿನಲ್ಲಿದ್ದೆವು. ನಾಲ್ಕು, ರೇಡಿಯೋ ಸಂಪರ್ಕ ತಪ್ಪಲಿಲ್ಲ. ಐದು, ಎಲ್ಲರೂ ಕ್ಷೇಮ.

"ಇದರಲ್ಲಿ ಎಂತ ತಪ್ಪುಂಟು?"

"ಒಂಬತ್ತು ದಿನ ಅಪ್ಪ! ನಿನಗೆ ಹೆದರಿಕೆ ಆಗ್ಲಿಲ್ವಾ? ಫೀಲಿಂಗ್ ಎಲ್ಲಿ? ಫೀಲಿಂಗ್ ಹಾಕು."

ಮಗಳ ಮಾತಿಗೆ ಬೆಲೆ ಕೊಟ್ಟು ಮತ್ತೆ ಕೂತೆ. ಮರುದಿನ ಅವಳಿಗೆ ತೋರಿಸಿದೆ. ಆರನೆಯದೊಂದು ಸೇರಿಸಿದ್ದೆ. 'ಆರು, ಭಾವನೆ: ತೃಪ್ತಿಕರ.'

ಅವಳು ತಲೆ ಮೇಲೆ ಕೈ ಇಟ್ಟು ಕೂತಳು. ಆಮೇಲೆ ನಿಧಾನವಾಗಿ ಒಂದೊಂದೇ ಪ್ರಶ್ನೆ ಕೇಳಿದಳು. ಬಂಕರಿನಲ್ಲಿ ಏನು ತಿಂದೆ, ಯಾರ ನೆನಪಾಯಿತು, ಹೊರಗೆ ಬಂದಾಗ ಮೊದಲು ಏನು ಕಂಡಿತು. ನಾನು ಹೇಳುತ್ತಾ ಹೋದೆ, ಅವಳು ಬರೆಯುತ್ತಾ ಹೋದಳು. ಅಷ್ಟು ವರ್ಷದಲ್ಲಿ ಅದನ್ನೆಲ್ಲ ಯಾರಿಗೂ ಹೇಳಿರಲಿಲ್ಲ. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಪೂರ್ತಿ ಕೇಳಿಸಿಕೊಂಡಳು. ಕೊನೆಗೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಇಷ್ಟೆಲ್ಲ ಆಯ್ತಾ? ನನಗೆ ಕಾಗದದಲ್ಲಿ 'ಇಲ್ಲಿ ಚಳಿ' ಅಂತ ಮಾತ್ರ ಬರೆದಿದ್ದಿರಿ" ಅಂದಳು.

ರ‍್ಯಾಂಕ್

ಶಿಫಾರಸು ಪತ್ರಕ್ಕೆ ನನ್ನನ್ನು ಚೆನ್ನಾಗಿ ಬಲ್ಲ ಹಿರಿಯರೊಬ್ಬರು ಬೇಕಿತ್ತು. ನನ್ನ ಹಳೆಯ ಸುಬೇದಾರ್ ಸಾಹೇಬರಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ. ಹತ್ತು ವರ್ಷ ನನ್ನನ್ನು ಬೈದಿದ್ದಾರೆ. ನಿವೃತ್ತರಾಗಿ ಉತ್ತರದ ಕಡೆಯ ತಮ್ಮ ಊರಿನಲ್ಲಿ ಎಮ್ಮೆ ಸಾಕಿಕೊಂಡಿದ್ದಾರೆ. ಫೋನಿನಲ್ಲಿ ವಿಷಯ ಹೇಳಿದ್ದೇ ತಡ, "ಕಳಿಸು ಫಾರ್ಮು. ನಮ್ಮ ಹುಡುಗ ಕಾಲೇಜಿಗೆ ಹೋಗದೆ ಮತ್ತೆ ಯಾರು ಹೋಗುವುದು?" ಎಂದು ಹಿಂದಿಯಲ್ಲಿ ಗರ್ಜಿಸಿದರು. ತುಂಬಿದ್ದನ್ನು ಕಳಿಸುವ ಮೊದಲು ನನಗೆ ಓದಿಯೂ ಹೇಳಿದರು.

ಮೊದಲ ಪ್ರಶ್ನೆ, 'ಇತರರಿಗೆ ಹೋಲಿಸಿದರೆ ಈ ಅಭ್ಯರ್ಥಿಯ ರ‍್ಯಾಂಕ್ ಯಾವುದು?' ನೂರರಲ್ಲಿ ಮೊದಲ ಐದರಲ್ಲಿದ್ದಾನೋ, ಹತ್ತರಲ್ಲಿದ್ದಾನೋ ಎಂದು ವಿಶ್ವವಿದ್ಯಾಲಯದವರ ಲೆಕ್ಕ. ಸಾಹೇಬರು ಬರೆದದ್ದು: 'ಹವಾಲ್ದಾರ್.'

ಎರಡನೆಯದು, 'ಅಭ್ಯರ್ಥಿ ಒತ್ತಡದಲ್ಲಿ ಹೇಗೆ ವರ್ತಿಸುತ್ತಾರೆ?' ಉತ್ತರ: 'ಮಾತು ನಿಲ್ಲಿಸಿ ಕೆಲಸ ಮಾಡುತ್ತಾನೆ. ಒತ್ತಡವಿಲ್ಲದಾಗ ಮಾತು ನಿಲ್ಲಿಸುವುದಿಲ್ಲ.'

ಕೊನೆಯದು, 'ಅಭ್ಯರ್ಥಿಯ ಬಗ್ಗೆ ನಮಗೆ ಹೇಳಲೇಬೇಕಾದದ್ದು ಏನಾದರೂ ಇದೆಯೇ?'

'ಇದೆ. ದಯವಿಟ್ಟು ಅಡುಗೆ ಮಾಡಲು ಬಿಡಬೇಡಿ.'

ಓವರ್

ಅರ್ಜಿಗೆ ಬೇಕಿದ್ದ ಇಂಗ್ಲಿಷ್ ಪರೀಕ್ಷೆ ದೋಹಾದ ಅಲ್ ಥುಮಾಮಾ ಬಡಾವಣೆಯ ಒಂದು ಕೇಂದ್ರದಲ್ಲಿತ್ತು. ಇಪ್ಪತ್ತು ಕಂಪ್ಯೂಟರು, ಇಪ್ಪತ್ತು ಜನ, ನನ್ನನ್ನು ಬಿಟ್ಟರೆ ಎಲ್ಲರೂ ಹದಿನೆಂಟರ ಆಸುಪಾಸಿನ ಹುಡುಗ ಹುಡುಗಿಯರು. ಓದು, ಬರಹ ಹೇಗೋ ಮುಗಿಯಿತು. ಕೊನೆಯದು ಮಾತಿನ ಪರೀಕ್ಷೆ. ಕಿವಿಗೆ ಹೆಡ್‌ಫೋನು, ಬಾಯಿಯ ಮುಂದೆ ಮೈಕು.

ಅಲ್ಲಿಯವರೆಗೆ ಒಂದೊಂದು ಅಕ್ಷರ ಒತ್ತುವ ಮೊದಲೂ ಎರಡೆರಡು ಸಲ ಯೋಚಿಸುತ್ತಿದ್ದೆ. ಹೆಡ್‌ಫೋನು ಕಿವಿಗೆ ಕೂತದ್ದೇ ಆ ಅಳುಕೆಲ್ಲ ಹೋಯಿತು. ಇದು ನನ್ನ ಹಳೆಯ ಕುರ್ಚಿ! ಕಂಪ್ಯೂಟರು, "ನಿಮಗೆ ಇಷ್ಟವಾದ ಊಟದ ಬಗ್ಗೆ ಹೇಳಿ" ಎಂದಿತು. ನಾನು ಬೆನ್ನು ನೆಟ್ಟಗೆ ಮಾಡಿ, ಗಂಟಲು ಸರಿಮಾಡಿ, ಎರಡು ಬೆಟ್ಟದಾಚೆ ಕೇಳುವ ದನಿಯಲ್ಲಿ ನೀರುದೋಸೆಯ ಬಗ್ಗೆ ಹೇಳಿ, ರೇಡಿಯೋದಲ್ಲಿ ಮಾತು ಮುಗಿಸುವ ರೂಢಿಯಂತೆ "ಓವರ್" ಎಂದೆ.

ಸುತ್ತಲಿನ ಹತ್ತೊಂಬತ್ತು ಜನ ಮಾತು ನಿಲ್ಲಿಸಿ ನನ್ನತ್ತ ತಿರುಗಿದರು. ನನಗೆ ಅದು ಆಗ ಗೊತ್ತಾಗಲಿಲ್ಲ. ಎರಡನೆಯ ಪ್ರಶ್ನೆಗೂ "ಓವರ್." ಮೂರನೆಯದಕ್ಕೂ "ಓವರ್." ಮೇಲ್ವಿಚಾರಕಿ ಫಿಲಿಪ್ಪೀನ್ಸಿನ ಹೆಣ್ಣುಮಗಳು. ಬಂದು ಮೆಲ್ಲಗೆ ಭುಜ ತಟ್ಟಿ, "ಸರ್, ಸ್ವಲ್ಪ ಮೆಲ್ಲಗೆ" ಎಂದಳು. ನಾನು ತಲೆಯಾಡಿಸಿ, "ರೋಜರ್" ಎಂದೆ.

ಮಾತಿನ ಪರೀಕ್ಷೆಯಲ್ಲಿ ನನಗೆ ಬೇರೆಲ್ಲದಕ್ಕಿಂತ ಜಾಸ್ತಿ ಅಂಕ ಬಂತು. ಆದರೆ ಪಕ್ಕದಲ್ಲಿ ಕೂತಿದ್ದ ಕೇರಳದ ಹುಡುಗಿ ಹೊರಗೆ ಸಿಕ್ಕಿ ಹೇಳಿದಳು, "ಅಂಕಲ್, ಗಾಬರಿಯಲ್ಲಿ ನನ್ನ ಉತ್ತರದಲ್ಲಿಯೂ ನೀರುದೋಸೆ ಬಂದುಬಿಟ್ಟಿತು."

ಹೇಸರಗತ್ತೆ

ಎರಡನೆಯ ವಿಶ್ವವಿದ್ಯಾಲಯದವರು ಸೈನ್ಯದ ತರಬೇತಿಗಳಿಗೂ ಕ್ರೆಡಿಟ್ ಕೊಡುತ್ತೇವೆ, ಪಟ್ಟಿ ತನ್ನಿ ಎಂದರು. ದೋಹಾಕ್ಕೆ ಹೋದೆ. ಕಚೇರಿಯಲ್ಲಿದ್ದ ಅಮೆರಿಕದ ಹೆಂಗಸು ನನ್ನ ಸರ್ಟಿಫಿಕೇಟುಗಳನ್ನು ಒಂದೊಂದಾಗಿ ನೋಡಿದರು. ರೇಡಿಯೋ ಕೋರ್ಸು ಎಲೆಕ್ಟ್ರಾನಿಕ್ಸ್‌ಗೆ ಹೋಯಿತು. ನಕ್ಷೆ ಓದುವುದು ಭೂಗೋಳಕ್ಕೆ ಹೋಯಿತು. ಮೂರನೆಯದು ಬಂದಾಗ ಕನ್ನಡಕ ತೆಗೆದರು.

"ಇದು ಏನು?"

"ಹೇಸರಗತ್ತೆ, ಮೇಡಂ. ರೇಡಿಯೋದ ಬ್ಯಾಟರಿಗಳನ್ನು ಗುಡ್ಡಕ್ಕೆ ಹೊತ್ತುಕೊಂಡು ಹೋಗುವುದು ಅವೇ. ಅವುಗಳನ್ನು ನಡೆಸುವುದಕ್ಕೆ ಎಂಟು ವಾರದ ಕೋರ್ಸು."

"ಅದರಲ್ಲಿ ಏನು ಕಲಿಸುತ್ತಾರೆ?"

"ಹೊಡೆದರೆ ನಡೆಯುವುದಿಲ್ಲ, ಬೇಡಿಕೊಂಡರೂ ನಡೆಯುವುದಿಲ್ಲ. ಯಾಕೆ ನಿಂತಿತು ಅಂತ ನಾವು ಮೊದಲು ತಿಳಿದುಕೊಳ್ಳಬೇಕು. ಕಾಲಿಗೆ ಕಲ್ಲು ಸಿಕ್ಕಿತೋ, ಹೊರೆ ವಾಲಿತೋ ನೋಡಬೇಕು. ಮುಂದಿನದು ನಡೆದರೆ ಹಿಂದಿನವು ತಾವಾಗಿ ಬರುತ್ತವೆ."

ಅವರು ಕನ್ನಡಕ ಮತ್ತೆ ಹಾಕಿಕೊಂಡು, ಅದಕ್ಕೆ ಮೂರು ಕ್ರೆಡಿಟ್ ಬರೆದರು. ವಿಷಯ: ಸಿಬ್ಬಂದಿ ನಿರ್ವಹಣೆ.

ಮರುದಿನ ಕಂಪನಿ ಬಸ್ಸಿನಲ್ಲಿ ಇದನ್ನು ನಮ್ಮ ಶಿಫ್ಟಿನ ಮಲಯಾಳಿ ಮೇಲಧಿಕಾರಿಗೆ ಹೇಳಿದೆ. ಅವರು ನಗುತ್ತಾರೆ ಎಂದುಕೊಂಡಿದ್ದೆ. ಬಸ್ಸಿನಲ್ಲಿ ನಿದ್ದೆ ಹೊಡೆಯುತ್ತಿದ್ದ ನಮ್ಮ ತಂಡವನ್ನೆಲ್ಲ ಒಮ್ಮೆ ನೋಡಿ, ಗಂಭೀರವಾಗಿ ಕೇಳಿದರು: "ಆ ಕೋರ್ಸು ನನಗೂ ಸಿಗಬಹುದಾ?"

ಮೂರನೆಯ ಪ್ಯಾರಾ

ಮೊದಲ ವಿಶ್ವವಿದ್ಯಾಲಯದ ಉತ್ತರ ಬಂದ ದಿನ ನಾನು ಸ್ಥಾವರದಲ್ಲಿದ್ದೆ. ಹೆಂಡತಿ ಈಮೇಲ್ ತೆರೆದಳು. 'ನಿಮ್ಮ ಅರ್ಜಿ ನಮ್ಮನ್ನು ಬಹಳ ಆಕರ್ಷಿಸಿತು. ನಿಮ್ಮ ಸೇವೆ, ಧೈರ್ಯ, ಶಿಸ್ತು ಅಪರೂಪದವು' ಎಂದು ಮೊದಲ ಪ್ಯಾರಾ. ಅವಳು ಅಲ್ಲಿಗೇ ಓದುವುದನ್ನು ನಿಲ್ಲಿಸಿ ಪಾಯಸಕ್ಕೆ ಇಟ್ಟಳು. ಮೇಲಿನ ಮನೆಯ ಬ್ಯಾರಿ ಕುಟುಂಬಕ್ಕೆ ಒಂದು ಪಾತ್ರೆ ಹೋಯಿತು. ಅವರದು ಮಂಗಳೂರು ಕಡೆ, ಮೂವತ್ತು ವರ್ಷದಿಂದ ಇಲ್ಲಿಯೇ ವ್ಯಾಪಾರ.

ನಾನು ಬಂದು ಪೂರ್ತಿ ಓದಿದೆ. ಮೂರನೆಯ ಪ್ಯಾರಾದಲ್ಲಿ ವಿಷಾದವಿತ್ತು.

ಆ ಸಂಜೆ ನಾನು ಸಮವಸ್ತ್ರದ ಬೂಟು ಬಿಚ್ಚದೆ ಸೋಫಾದಲ್ಲಿ ಕೂತಿದ್ದೆ. ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತಾ ಎಂದು ಯಾರೂ ಕೇಳಲಿಲ್ಲ. ನಾನೇ ನನ್ನನ್ನು ಕೇಳಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಮೇಲಿನ ಮನೆಯ ಯಜಮಾನರು ಖಾಲಿ ಪಾತ್ರೆ ಹಿಡಿದು ಅಭಿನಂದಿಸಲು ಬಂದರು. ಹೆಂಡತಿ ತಲೆ ತಗ್ಗಿಸಿ ಸತ್ಯ ಹೇಳಿದಳು. ಅವರು ಈಮೇಲ್ ತರಿಸಿಕೊಂಡು ಕೊನೆಯವರೆಗೆ ಓದಿ, ನನ್ನ ಪಕ್ಕದಲ್ಲಿಯೇ ಕೂತರು.

"ಬೇಡ ಅನ್ನುವುದಕ್ಕೇ ಇಷ್ಟು ಹೊಗಳಿದ್ದಾರಲ್ಲ ಮಾರಾಯ್ರೆ! ನನ್ನನ್ನು ಮದುವೆಯ ದಿನವೂ ಯಾರೂ ಇಷ್ಟು ಹೊಗಳಲಿಲ್ಲ. ಇನ್ನೂ ಎರಡು ಕಡೆ ಉಂಟಲ್ಲ, ಅರಬರು ಹೇಳುವ ಹಾಗೆ ಯಲ್ಲಾ, ಏಳಿ." ಬಾಗಿಲ ತನಕ ಹೋದವರು ತಿರುಗಿ ಹೆಂಡತಿಗೆ ಹೇಳಿದರು: "ಅಮ್ಮಾ, ಇನ್ನು ಯಾವ ಕಾಗದ ಬಂದರೂ ಮೊದಲ ಪ್ಯಾರಾದಲ್ಲಿಯೇ ನಿಲ್ಲಿಸಿ. ಪಾಯಸ ಚೆನ್ನಾಗಿತ್ತು."

ಸಂದರ್ಶನ

ಎರಡನೆಯದೂ ಹೋಯಿತು, ಮೂರು ಕ್ರೆಡಿಟ್ ಸಮೇತ. ಮೂರನೆಯವರು ಸಂದರ್ಶನಕ್ಕೆ ಕರೆದರು. ಮೇಜಿನ ಆಚೆ ಮೂವರು ಪ್ರೊಫೆಸರುಗಳು. ಮಧ್ಯದಲ್ಲಿದ್ದವರು ಬಿಳಿಗಡ್ಡದ ಕತಾರಿ.

"ಈ ವಯಸ್ಸಿನಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಯಾಕೆ?" ಎಂದು ಕೇಳಿದರು.

ಮಗಳು ಬಾಯಿಪಾಠ ಮಾಡಿಸಿದ ಉತ್ತರ ಮರೆತುಹೋಯಿತು. ಇದ್ದದ್ದನ್ನು ಹೇಳಿದೆ. "ಸರ್, ಹದಿನೇಳು ವರ್ಷ ಬೇರೆಯವರ ಮಾತನ್ನು ಪೆಟ್ಟಿಗೆಯಲ್ಲಿ ಹಾಕಿ ಆಚೆ ದಾಟಿಸಿದೆ. ಮಾತು ಆ ಪೆಟ್ಟಿಗೆಯೊಳಗೆ ಹೇಗೆ ಹೋಗುತ್ತದೆ ಅಂತ ನನಗೆ ಗೊತ್ತಿಲ್ಲ. ಕೇಳಿದರೆ, ಕೆಟ್ಟಾಗ ಮೇಲೊಂದು ತಟ್ಟು, ಸಾಕು ಅನ್ನುತ್ತಿದ್ದರು. ನನಗೆ ಒಳಗೆ ನೋಡಬೇಕು."

ಮೂವರೂ ಏನೋ ಬರೆದುಕೊಂಡರು. ಬಿಳಿಗಡ್ಡದವರು, "ನಾವು ಸೀಟು ಕೊಡದಿದ್ದರೆ?" ಎಂದರು.

"ರಜೆ ಇಲ್ಲದಿದ್ದರೂ ಮುಂದಿನ ವರ್ಷ ಮತ್ತೆ ಅರ್ಜಿ ಹಾಕುತ್ತೇನೆ, ಸರ್."

"ಆಗಲೂ ಕೊಡದಿದ್ದರೆ?"

"ಅದರ ಮುಂದಿನ ವರ್ಷ."

"ಹೀಗೆ ಎಷ್ಟು ವರ್ಷ?"

"ನೀವು ರಿಟೈರ್ ಆಗುವ ತನಕ, ಸರ್. ಆಮೇಲೆ ಬರುವವರು ಕೊಡಬಹುದು."

ಅವರು ಪೆನ್ನು ಕೆಳಗಿಟ್ಟು, ಹೊಟ್ಟೆ ಕುಲುಕಿ ನಕ್ಕು, "ಖಲಾಸ್" ಎಂದರು. ಕೆಲಸ ಕೆಟ್ಟಿತು ಎಂದುಕೊಂಡು ಮನೆಗೆ ಬಂದೆ. ಹತ್ತು ದಿನ ಬಿಟ್ಟು ಸೀಟು ಬಂತು. ಈ ಸಲ ಮನೆಯ ಮೂವರೂ ಒಟ್ಟಿಗೆ ನಿಂತು, ಕೊನೆಯ ಸಹಿಯ ತನಕ ಗಟ್ಟಿಯಾಗಿ ಓದಿದೆವು.

ಮೊದಲ ಕ್ಲಾಸು

ಮೊದಲ ದಿನ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿ, ಹಣೆಗೆ ಕುಂಕುಮ ಇಡಿಸಿಕೊಂಡು ಹೋದೆ. ಕ್ಲಾಸಿನಲ್ಲಿ ಮೂವತ್ತು ಹುಡುಗ ಹುಡುಗಿಯರಿದ್ದರು. ನಾನು ಬಾಗಿಲು ದಾಟಿ ಒಳಗೆ ಕಾಲಿಟ್ಟದ್ದೇ, ಗಲಾಟೆ ನಿಂತು ಎಲ್ಲರೂ ಎದ್ದು ನಿಂತರು. "ಗುಡ್ ಮಾರ್ನಿಂಗ್, ಸರ್!"

ನನ್ನ ಹಿಂದೆಯೇ ಪ್ರೊಫೆಸರು ಬಂದಿರಬೇಕು ಅಂದುಕೊಂಡೆ. ಹಿಂದೆ ತಿರುಗಿ ನೋಡುವುದು ಅಗೌರವ. ಕರಿಹಲಗೆಯ ಮುಂದೆ ನಿಂತಲ್ಲಿಯೇ ಹಿಮ್ಮಡಿ ಕೂಡಿಸಿ, ಪರೇಡಿನಲ್ಲಿ ನಿಲ್ಲುವ ಹಾಗೆ ಸಾವಧಾನ್ ನಿಂತುಬಿಟ್ಟೆ.

ನಾನು ಕೂರಿ ಅನ್ನಲಿ ಎಂದು ಅವರು ಕಾದರು. ಪ್ರೊಫೆಸರು ಕೂರಿ ಅನ್ನಲಿ ಎಂದು ನಾನು ಕಾದೆ. ಹೀಗೆ ಒಂದು ನಿಮಿಷ. ಮುಂದಿನ ಸಾಲಿನ ಹುಡುಗನೊಬ್ಬ ನನ್ನನ್ನು ನೋಡಿ ಮೆಲ್ಲಗೆ ಎದೆ ಉಬ್ಬಿಸಿ ಕೈ ನೆಟ್ಟಗೆ ಮಾಡಿದ. ಅವನನ್ನು ನೋಡಿ ಪಕ್ಕದವನು. ಸಾಲು ಸಾಲಾಗಿ ಇಡೀ ಕ್ಲಾಸು ಸಾವಧಾನ್ ಆಯಿತು.

ಆಗ ನಿಜವಾದ ಪ್ರೊಫೆಸರು ಬಂದರು. ಇಪ್ಪತ್ತೆಂಟರ ಆಸುಪಾಸಿನ ಹೆಣ್ಣುಮಗಳು, ಕೈಯಲ್ಲಿ ಲ್ಯಾಪ್‌ಟಾಪು, ಅವರಿಗೂ ಅದು ಮೊದಲ ದಿನದ ಮೊದಲ ಕ್ಲಾಸು. ಬಾಗಿಲಲ್ಲಿ ನಿಂತು ಒಳಗೆ ನೋಡಿದರು. ಮೂವತ್ತು ಜನ ಉಸಿರು ಬಿಗಿಹಿಡಿದು ನಿಂತಿದ್ದಾರೆ. ಮುಂದೆ ಕುಂಕುಮ ಇಟ್ಟುಕೊಂಡ ನರೆಮೀಸೆಯ ಮನುಷ್ಯನೊಬ್ಬ ಕಣ್ಣು ಮಿಟುಕಿಸದೆ ನಿಂತಿದ್ದಾನೆ.

"ಸಾರಿ ಸರ್, ನಾನು ಲೇಟಾಗಿಲ್ಲ ತಾನೇ?" ಎಂದು ಮೆಲ್ಲಗೆ ಒಳಗೆ ಬಂದ ಅವರು, ಕೊನೆಯ ಬೆಂಚಿಗೆ ಹೋಗಿ, ಅಲ್ಲಿ ಸಾವಧಾನ್ ನಿಂತುಕೊಂಡರು.