ಆಡಿನ ಗೂಡಿನ ಕೆಳಗೆ ತರಬೇತಿ

ಆಡು ಸಾಕುವವರಿಗೆ ಗೊಬ್ಬರ ಮಾಡುವುದನ್ನು ಕಲಿಸಲು ಹೊರಟವನ ಮರ್ಯಾದೆ ವಾರಕ್ಕೊಮ್ಮೆಯಾದರೂ ಹೋಗುತ್ತದೆ. ಐವತ್ತರ ದಶಕದ ಕೊನೆಗೆ ನಾನು ಇಚಿಲಂಪಾಡಿಯಲ್ಲಿ ಗ್ರಾಮಸೇವಕನಾಗಿದ್ದಾಗ ನನ್ನದು ಹೋಗಿ ಹೋಗಿ ಮುಗಿದೇ ಹೋಗಿತ್ತು. ಒಂದು ಮಾದರಿ ಗೊಬ್ಬರದ ಗುಂಡಿ ಮಾಡಿ ಪುತ್ತೂರು ಆಫೀಸಿನ ಸಾಹೇಬರ ಒಪ್ಪಿಗೆ ಪಡೆದರೆ ನನ್ನ ಕೆಲಸ ಖಾಯಂ. ಇಲ್ಲದಿದ್ದರೆ ಗಂಟುಮೂಟೆ ಕಟ್ಟುವುದು.

ಪುಸ್ತಕದ ಗೊಬ್ಬರ

ಮೊದಲ ಸಭೆ ನಡೆದದ್ದು ಚೇಡತ್ತಿಯ ಅಂಗಳದಲ್ಲಿ. ಕೇರಳದಿಂದ ಬಂದು ನೆಲೆಸಿದ ಈ ಹೆಂಗಸನ್ನು ಊರೆಲ್ಲ ಅಕ್ಕ ಎಂಬರ್ಥದಲ್ಲಿ ಹಾಗೇ ಕರೆಯುತ್ತಿತ್ತು. ಆಕೆಗೆ ಹನ್ನೆರಡು ಆಡುಗಳು. ನಾನು ಪುಸ್ತಕ ಹಿಡಿದು ಅರ್ಧ ಗಂಟೆ ಮಾತಾಡಿದೆ. ನಿಮಗೆ ಆಡು ಎಷ್ಟುಂಟು ಎಂದು ಚೇಡತ್ತಿ ಕೇಳಿದಳು. ಒಂದೂ ಇಲ್ಲವೆಂದೆ.

"ಹಾಗಾದ್ರೆ ಗುಂಡಿಗೆ ಎಂತ ಹಾಕುದು? ಆ ಪುಸ್ತಕವಾ?"

ಬೇಯದ ಹಿಕ್ಕೆ

ಅವಳಿಂದಲೇ ಹಿಕ್ಕೆ ಬೇಡಿ ತಂದು ಗುಂಡಿ ತುಂಬಿಸಿ ಮುಚ್ಚಿದೆ. ಮೂರು ತಿಂಗಳ ಮೇಲೆ ತೆರೆದರೆ ಹಿಕ್ಕೆಗಳು ಹಾಕಿದ ದಿನ ಇದ್ದಂತೆಯೇ ಗುಂಡಗೆ, ಗಟ್ಟಿಯಾಗಿ ಕೂತಿದ್ದವು. ನನಗೆ ಅಳುವೇ ಬಂತು. ಚೇಡತ್ತಿ ಒಂದನ್ನು ಬೆರಳಲ್ಲಿ ಒತ್ತಿ ನೋಡಿ, "ಪುನಃ ಆಡಿಗೇ ತಿನ್ನಿಸಿ ಮಾರಾಯ್ರೆ, ಎರಡನೇ ಸಲ ಬರುವಾಗ ಮೆತ್ತಗಾದೀತು" ಎಂದಳು.

ಆಮೇಲೆ ಕನಿಕರಪಟ್ಟು ಗುಟ್ಟು ಹೇಳಿದಳು. ಹಿಕ್ಕೆಯನ್ನು ಜಜ್ಜಬೇಕು, ಹಸಿ ಸೊಪ್ಪು ಸೇರಿಸಬೇಕು, ಆಡಿನ ಉಚ್ಚೆಯಲ್ಲಿ ಚೆನ್ನಾಗಿ ನೆನೆಸಬೇಕು.

ಹನ್ನೆರಡು ಆಡು

ಆಡಿನ ಗೂಡನ್ನು ಕಂಬಗಳ ಮೇಲೆ ಎತ್ತರಕ್ಕೆ ಕಟ್ಟಿದ್ದರು. ನೆಲಕ್ಕೆ ಅಡಿಕೆ ಮರದ ಸೀಳು, ನಡುನಡುವೆ ಸಂದು. ಉಚ್ಚೆ ಹಿಡಿಯಲು ಬೆಳಿಗ್ಗೆಯೇ ಮಡಕೆ ಹಿಡಿದು ಕೆಳಗೆ ನುಗ್ಗಿದೆ. ಮಲಗಿದ್ದ ಆಡು ಎದ್ದ ಕೂಡಲೇ ಮಾಡುವ ಮೊದಲ ಕೆಲಸ ಯಾವುದೆಂದು ಪುಸ್ತಕದಲ್ಲಿ ಬರೆದಿರಲಿಲ್ಲ. ಮೇಲಿನಿಂದ ಚೇಡತ್ತಿ ಚಪ್ಪಾಳೆ ತಟ್ಟಿ ಎಬ್ಬಿಸಿದಳು. ಹನ್ನೆರಡೂ ಒಟ್ಟಿಗೆ ಎದ್ದವು.

ಮಡಕೆಗೆ ಬಿದ್ದದ್ದು ಸ್ವಲ್ಪವೇ.

ತನಿಖೆ

ಪುತ್ತೂರಿನಿಂದ ಸಾಹೇಬರು ಜೀಪಿನಲ್ಲಿ ಬಂದಾಗ ಎರಡನೇ ಗುಂಡಿ ಸಿದ್ಧವಾಗಿತ್ತು. ಚೇಡತ್ತಿ ಅದರೊಳಗೆ ಒಂದು ಕೋಲು ಚುಚ್ಚಿ, ತುಸು ಬಿಟ್ಟು ಎಳೆದು, ಸಾಹೇಬರ ಕೈಗೆ ಕೊಟ್ಟಳು. ಬಿಸಿಯಿದ್ದರೆ ಒಳಗೆ ಕೆಲಸ ನಡೆಯುತ್ತಿದೆ ಎಂದರ್ಥ. ಸಾಹೇಬರು ಕೈ ಕೊಡವಿಕೊಂಡರು, ಆದರೆ ನಂಬಲಿಲ್ಲ. ನಾನು ಈಗಷ್ಟೇ ಬಿಸಿನೀರು ಸುರಿದು ಮೋಸ ಮಾಡಿದ್ದೇನೆ ಎಂದರು. ಸುರಿದದ್ದು ನೀರಲ್ಲ, ಗೂಡಿನ ಕೆಳಗೆ ಹಿಡಿದ ಉಚ್ಚೆ ಎಂದೆ. ಅದನ್ನೂ ನೋಡಿಯೇ ಬಿಡುತ್ತೇನೆಂದು ಬಿಳಿ ಶರ್ಟು, ಟೋಪಿ ಸಮೇತ ಗೂಡಿನ ಕೆಳಗೆ ಹೋದರು.

ಮೇಲೆ ಹನ್ನೆರಡು ಆಡುಗಳು ಮಲಗಿ ಮೆಲುಕು ಹಾಕುತ್ತಿದ್ದವು. ಸಾರ್, ಬೇಡ ಎಂದೆ. ಸುಮ್ಮನಿರಿ ಎಂದು ಗದರಿಸಿ, ನೆಲ ಗಟ್ಟಿಯುಂಟೋ ನೋಡಲು ಬೆತ್ತದಿಂದ ಮೇಲಕ್ಕೆ ಎರಡು ಸಲ ಬಲವಾಗಿ ಬಡಿದರು.

ಹನ್ನೆರಡೂ ಎದ್ದವು.

ಸಾಹೇಬರು ಟೋಪಿ ಹಿಂಡುತ್ತ ಹೊರಗೆ ಬಂದರು. ಚೇಡತ್ತಿ ಒಂದು ಚೊಂಬು ನೀರು ತಂದು ಕೊಟ್ಟು, "ಬೇಸರ ಮಾಡ್ಬೇಡಿ ಸಾಹೇಬ್ರೆ, ಇವರೂ ಹೀಗೆಯೇ ಕಲ್ತದ್ದು" ಎಂದಳು.

ಮುಖ ಒರೆಸಿಕೊಂಡು ಅವರು ನನ್ನನ್ನು ಬದಿಗೆ ಕರೆದರು. ಈ ಸಂಗತಿ ಪುತ್ತೂರಿನ ಆಫೀಸಿಗೆ ಗೊತ್ತಾಗುವುದುಂಟೋ ಎಂದು ಮೆಲ್ಲಗೆ ಕೇಳಿದರು. ಖಾಯಂ ಆಗಿ ಇಚಿಲಂಪಾಡಿಯಲ್ಲೇ ಇರುವವನಿಗೆ ಪುತ್ತೂರಿನಲ್ಲಿ ಎಂತ ಕೆಲಸ ಸಾರ್ ಎಂದೆ.

ಜೀಪಿನ ಬಾನೆಟ್ಟಿನ ಮೇಲೆ ಕಾಗದವಿಟ್ಟು ಅಲ್ಲೇ ವರದಿ ಬರೆದು ಸಹಿ ಹಾಕಿದರು. ಕೊನೆಯ ಸಾಲು ಹೀಗಿತ್ತು: "ತೇವಾಂಶ ತೃಪ್ತಿಕರ. ಸ್ವತಃ ಪರೀಕ್ಷಿಸಿದ್ದೇನೆ."