ಮುಲಾಮು ಮುಚ್ಚಿಟ್ಟ ಕಪ್ಪು ಕವರಿನ ಸನ್ನಿಧಾನಕ್ಕೆ

ಮಾನ್ಯ ಕಪ್ಪು ಪ್ಲಾಸ್ಟಿಕ್ ಕವರ್ ಅವರೇ,

ವಿಷಯ: ತಾವು ಕಾಪಾಡಿದ ಮರ್ಯಾದೆಯಿಂದಾಗಿ ನಮ್ಮ ಮನೆಯಲ್ಲಿ ಉಲ್ಬಣಿಸಿದ ತುರಿಕೆಯ ಬಗ್ಗೆ.

ಸರ್ಕಾರವು ತಮ್ಮನ್ನು ನಿಷೇಧಿಸಿ ವರ್ಷಗಳೇ ಕಳೆದರೂ ಎದೆಗುಂದದೆ, ಅಟ್ಟೂರಿನ ಮೆಡಿಕಲ್ ಅಂಗಡಿಯ ಮೇಜಿನ ಕೆಳಗೆ ಅಜ್ಞಾತವಾಸದಲ್ಲಿದ್ದುಕೊಂಡು, ಯಲಹಂಕದಿಂದ ಯಶವಂತಪುರದವರೆಗಿನ ಸಮಸ್ತ ಹೆಣ್ಣುಮಕ್ಕಳ ಮಾನವನ್ನು ಏಕಾಂಗಿಯಾಗಿ ಹೊತ್ತು ತಿರುಗುತ್ತಿರುವ ತಮಗೆ ಮೊದಲಾಗಿ ಸಾಷ್ಟಾಂಗ ನಮಸ್ಕಾರಗಳು. ಬಿಳಿ ಕವರಿನಲ್ಲಿ ಏನು ಹಿಡಿದು ಹೋದರೂ ತಿರುಗಿ ನೋಡದ ಜನ, ತಮ್ಮನ್ನು ಹಿಡಿದ ಹೆಂಗಸನ್ನು ಕಂಡ ಕೂಡಲೇ ಒಳಗೇನಿದೆ ಎಂದು ಬಸ್ ಸ್ಟಾಪಿನಿಂದಲೇ ಲೆಕ್ಕ ಹಾಕುತ್ತಾರೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವ ಈ ವಿದ್ಯೆಯಲ್ಲಿ ತಮ್ಮನ್ನು ಮೀರಿಸುವವರು ಇನ್ನೂ ಹುಟ್ಟಿಲ್ಲ.

ನನ್ನ ಹೆಸರು ಸ್ಮಿತಾ. ಮತ್ತಿಕೆರೆಯ ಒಂದು ಖಾಸಗಿ ಕಾಲೇಜಿನ ಕಚೇರಿಯಲ್ಲಿ ಸುತ್ತೋಲೆ ಬರೆಯುವುದು ನನ್ನ ಕೆಲಸವಾದ್ದರಿಂದ ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂದಾಗಲೂ ನನ್ನ ಕೈ 'ಮಾನ್ಯರೇ' ಎಂದೇ ಶುರು ಮಾಡುತ್ತದೆ. ಬಾಗಲಕೋಟೆ ಕಡೆಯಿಂದ ಬಂದು ಅಟ್ಟೂರಿನಲ್ಲಿ ನೆಲೆಸಿದ ನಮ್ಮ ಮನೆಯಲ್ಲಿ ಕಾರ್ಖಾನೆಗೆ ಹೋಗುವ ನನ್ನ ಗಂಡ ಹೇಮಂತ, ಮಾವ ಅಪ್ಪಾಸಾಹೇಬ, ಅತ್ತೆ ನಿಂಗವ್ವ ಮತ್ತು ನಾನು ಇದ್ದೇವೆ. ಬಚ್ಚಲುಮನೆ ಮಾತ್ರ ಒಂದೇ.

ಕಳೆದ ತಿಂಗಳು ನನಗೆ ಯೋನಿಯಲ್ಲಿ ತುರಿಕೆ, ಉರಿ, ಒಡೆದ ಹಾಲಿನಂಥ ಬಿಳಿ ಸ್ರಾವ ಶುರುವಾಯಿತು. ಯೋನಿ ಎಂಬ ಪದವನ್ನು ಓದಿ ತಾವು ಮುದುಡಿಕೊಂಡಿರಬಹುದು. ದಯಮಾಡಿ ಸಾವರಿಸಿಕೊಳ್ಳಬೇಕು, ಮುಂದೆಯೂ ಬರಲಿದೆ. ನಾನು ಯಲಹಂಕ ನ್ಯೂ ಟೌನಿನ ಡಾಕ್ಟರ್ ಸಬಾ ಅವರಲ್ಲಿಗೆ ಹೋದೆ. ಅವರು ಪರೀಕ್ಷಿಸಿ, "ಯೀಸ್ಟ್ ಸೋಂಕು ಕಣ್ರೀ, ಯಾರಿಗ್ ಬೇಕಾದ್ರೂ ಬರುತ್ತೆ, ಅದಕ್ಯಾಕೆ ಹಿಂಗೆ ತಲೆ ತಗ್ಗಿಸ್ತೀರ?" ಎಂದು ಗದರಿ, ಒಳಗೆ ಹಾಕಿಕೊಳ್ಳುವ ಒಂದು ಮುಲಾಮನ್ನು ಬರೆದುಕೊಟ್ಟರು. ಅದರ ಜೊತೆಗೆ ಸಣ್ಣ ಪಿಚಕಾರಿಯಂಥ ಒಂದು ಪ್ಲಾಸ್ಟಿಕ್ ಕೊಳವೆ ಬರುತ್ತದೆಂದೂ, ಕೈ ತೊಳೆದುಕೊಂಡು, ಮಲಗುವ ಮುಂಚೆ, ಕೊಳವೆಯಲ್ಲಿ ಗುರುತಿರುವಷ್ಟು ತುಂಬಿಸಿ, ಅಂಗಾತ ಮಲಗಿ ಮೆಲ್ಲಗೆ ಒಳಗೆ ಹಾಕಿಕೊಳ್ಳಬೇಕೆಂದೂ, ತುರಿಕೆ ನಿಂತಿತೆಂದು ನಡುವೆ ಬಿಡದೆ ಬರೆದಷ್ಟು ದಿನವೂ ಮುಗಿಸಬೇಕೆಂದೂ ಹೇಳಿದರು. ಮರೆತರೆ ಡಬ್ಬಿಯೊಳಗಿನ ಚೀಟಿಯಲ್ಲಿ ಚಿತ್ರ ಸಮೇತ ಇರುತ್ತದೆ ಎಂದರು. ಪಾಪ, ಅವರಿಗೆ ತಮ್ಮ ಪರಿಚಯವಿರಲಿಲ್ಲ.

ಆ ಸಂಜೆ ನನಗೆ ಕಾಲೇಜಿನಲ್ಲಿ ಕೆಲಸವಿದ್ದುದರಿಂದ ಹೇಮಂತನನ್ನು ಮೆಡಿಕಲ್ಲಿಗೆ ಕಳಿಸಿದೆ. ಅಂಗಡಿಯ ಮುನಿಆಂಜಿನಪ್ಪನವರು ಡಾಕ್ಟರ ಚೀಟಿಯ ಮೇಲೆ ಕಣ್ಣಾಡಿಸಿ, ಆ ಕ್ಷಣದಿಂದ ನನ್ನ ಗಂಡನ ಮುಖವನ್ನೇ ನೋಡದೆ ಗೋಡೆಯ ಕ್ಯಾಲೆಂಡರಿನ ಜೊತೆ ವ್ಯವಹಾರ ಮಾಡತೊಡಗಿದರಂತೆ. ಡಬ್ಬಿಯ ಮೇಲೆ ಹೆಣ್ಣಿನ ಚಿತ್ರವಿದೆಯೆಂದು ಡಬ್ಬಿಯನ್ನೇ ಕಿತ್ತು ಬುಟ್ಟಿಗೆ ಹಾಕಿದರು; ಒಳಗಿದ್ದ ಚಿತ್ರದ ಚೀಟಿಯೂ ಅದರ ಜೊತೆಗೆ ಹೋಯಿತು. ಬರಿಯ ಟ್ಯೂಬನ್ನೂ ಕೊಳವೆಯನ್ನೂ ಹಳೆಯ ಪೇಪರಿನಲ್ಲಿ ಸುತ್ತಿ, ತಮ್ಮ ಗರ್ಭಕ್ಕೆ ಸೇರಿಸಿ, ಬಿಗಿಯಾಗಿ ಗಂಟು ಹಾಕಿ, "ಬೇಗ ಒಳಗಿಡಿ ಸಾರ್" ಎಂದು ಕಳ್ಳಸಾಗಣೆಯ ಬಂಗಾರ ಕೊಡುವವರಂತೆ ದಾಟಿಸಿದರು. ಹೇಗೆ ಬಳಸಬೇಕೆಂದು ಕೇಳಲಿಲ್ಲವೇ ಎಂದರೆ ನನ್ನ ಗಂಡ, "ನಾ ಗಂಡಸಾಗಿ ಅದನ್ನ ಹೆಂಗ ಕೇಳ್ಲಿ?" ಎಂದ. ಔಷಧ ಬಳಸುವ ಬಗೆ ಕೇಳುವುದರಿಂದ ಗಂಡಸುತನ ಕಮ್ಮಿಯಾದದ್ದು ನಾನೆಲ್ಲೂ ಕೇಳಿಲ್ಲ.

ಇಲ್ಲಿಂದ ಮುಂದೆ ತಮ್ಮ ಮಹಿಮೆ ಶುರು. ತಮ್ಮನ್ನು ಬಚ್ಚಲಿನ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ್ದೆ. ನಮ್ಮ ಮನೆಯಲ್ಲಿ ಕಪ್ಪು ಕವರಿನಲ್ಲಿರುವುದನ್ನು ಏನೆಂದು ಕೇಳುವ ಪದ್ಧತಿಯಿಲ್ಲ. ಕೇಳಿದರೆ ಯಾರಿಗೋ ನಾಚಿಕೆಯಾಗುತ್ತದೆ. ಆದರೆ ಕೇಳದೆ ಬಳಸಿಕೊಳ್ಳಲು ಯಾವ ಅಡ್ಡಿಯೂ ಇಲ್ಲವೆಂಬುದು ನನಗೆ ಗೊತ್ತಿರಲಿಲ್ಲ. ಹೇಮಂತ ಟ್ಯೂಬಿನ ಮೇಲೆ ಫಂಗಸ್ ಎಂದು ಓದಿ, ಬೂಟಿನೊಳಗೆ ಬೆಂದ ತನ್ನ ಕಾಲ್ಬೆರಳ ಸಂದಿಗೆಲ್ಲ ಮೆತ್ತಿಕೊಂಡ. ಮಾವನವರು ಕುತ್ತಿಗೆಯ ಬೆವರುಸಾಲೆಗೆ ಹಚ್ಚಿಕೊಂಡದ್ದಲ್ಲದೆ, ಆ ಕೊಳವೆಯನ್ನು ಕಂಡು ಆನಂದಭರಿತರಾಗಿ, ಅತ್ತೆಯ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡಲು ಇಂಥದ್ದೇ ಬೇಕಾಗಿತ್ತೆಂದು, ಎಣ್ಣೆ ಬಿಟ್ಟು, ಒರೆಸಿ, ಮತ್ತೆ ಮರ್ಯಾದೆಯಿಂದ ತಮ್ಮೊಳಗೇ ಇಟ್ಟಿದ್ದರು. ಮಲಗುವ ಹೊತ್ತಿಗೆ ಅದನ್ನು ಕೈಗೆತ್ತಿಕೊಂಡಾಗ ಮಷಿನ್ ಎಣ್ಣೆಯ ವಾಸನೆ ಬಾರದೇ ಹೋಗಿದ್ದರೆ ನನ್ನ ಗತಿ ಏನಾಗುತ್ತಿತ್ತು ಸ್ವಾಮೀ? ವಿಚಾರಿಸಿದರೆ ಮಾವನವರು, "ಭಾರಿ ಛಲೋ ಪಿಚಕಾರಿ ಐತವ್ವಾ, ಇನ್ನೊಂದ್ ಸಿಗತೈತೇನು?" ಎಂದರು. ನಾನು ತಲೆ ಚಚ್ಚಿಕೊಂಡು, ಅದನ್ನು ಕಸಕ್ಕೆಸೆದು, ಮರುದಿನ ನಾನೇ ಹೋಗಿ ಹೊಸ ಟ್ಯೂಬ್ ತಂದೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ: ತಮ್ಮ ದೆಸೆಯಿಂದ ಡಬ್ಬಿಯೂ ಚೀಟಿಯೂ ಬುಟ್ಟಿ ಸೇರಿರುವುದರಿಂದ ಇನ್ನು ಮುಂದೆ ತಾವೇ ಬಾಯಿಬಿಟ್ಟು ಮಾತಾಡಬೇಕು. ಗಂಟು ಬಿಚ್ಚಿದ ಕೂಡಲೇ ಗಂಟಲು ಸರಿಮಾಡಿಕೊಂಡು, 'ಇದು ಯೋನಿಗೆ ಹಾಕುವ ಮುಲಾಮು, ಒಬ್ಬರದನ್ನು ಇನ್ನೊಬ್ಬರು ಮುಟ್ಟಬಾರದು, ಒಳಗೆ ಸೋಪು ಹಾಕಿ ತೊಳೆಯಬಾರದು' ಎಂದು ಸಾರಬೇಕು. ಔಷಧ ಮುಗಿಯುವವರೆಗೆ ಗಂಡ ಹೆಂಡತಿ ದೂರವಿರುವುದು ಒಳ್ಳೆಯದು, ಈ ಮುಲಾಮು ತಾಗಿದರೆ ನಿರೋಧ್ ಹರಿಯುವ ಸಂಭವವಿದೆ ಎಂಬುದನ್ನು ಹೇಮಂತನ ಕಿವಿಯಲ್ಲಿ ಗಟ್ಟಿಯಾಗಿ ಹೇಳಬೇಕು. ಬಸುರಿಯಾಗಿದ್ದರೆ ಡಾಕ್ಟರನ್ನು ಕೇಳದೆ ಮುಟ್ಟಬೇಡಿ, ಉರಿ ಹೆಚ್ಚಿದರೆ ನಿಲ್ಲಿಸಿ, ಜ್ವರವೋ ಕಿಬ್ಬೊಟ್ಟೆಯ ನೋವೋ ಕೆಟ್ಟ ವಾಸನೆಯೋ ಬಂದರೆ ಅದು ಬೇರೆ ರೋಗವಿರಬಹುದು, ಓಡಿ ಎಂದು ಎಚ್ಚರಿಸಬೇಕು. ಇಷ್ಟು ಕೆಲಸ ಕಷ್ಟವೆನಿಸಿದರೆ, ಮುಚ್ಚಿದ್ದೆಲ್ಲ ಇಲ್ಲವಾಗುತ್ತದೆ ಎಂಬುದು ತಮ್ಮ ನಂಬಿಕೆಯಾದ್ದರಿಂದ, ದಯವಿಟ್ಟು ಹೆಬ್ಬಾಳದ ಫ್ಲೈಓವರಿನ ಟ್ರಾಫಿಕ್ಕಿನ ಮೇಲೆ ಸಂಜೆ ಹೊತ್ತು ಸ್ವಲ್ಪ ಹರಡಿಕೊಳ್ಳಬೇಕು. ಎಲ್ಲರ ಮನೆಯೊಳಗೂ ಇಣುಕುವ ಎದುರುಮನೆಯ ದ್ರೌಪದಮ್ಮನವರ ಬಾಲ್ಕನಿಗೂ ಒಂದು ಗಂಟು ಹಾಕಿದರೆ ನಮ್ಮ ಬೀದಿ ತಮಗೆ ಋಣಿಯಾಗಿರುತ್ತದೆ.

ನಗುವಿನ ಮಾತು ಇಲ್ಲಿಗೆ ಸಾಕು. ಹೊಸ ಟ್ಯೂಬನ್ನು ನಾನು ಬೀರುವಿನಲ್ಲಿ, ಸೀರೆಗಳ ಕೆಳಗೆ ಇಟ್ಟೆ. ಗಂಡಸರಿಬ್ಬರೂ ಇನ್ನು ಮುಟ್ಟುವುದಿಲ್ಲವೆಂದು ಆಣೆ ಮಾಡಿದ್ದರು. ಆದರೂ ಟ್ಯೂಬು ನಾನು ಬಳಸಿದ್ದಕ್ಕಿಂತ ಬೇಗ ಚಪ್ಪಟೆಯಾಗುತ್ತಿತ್ತು. ನಾನು ಇವರಿಬ್ಬರ ಮೇಲೂ ಹಾರಾಡಿದೆ. ಊಟದ ತಟ್ಟೆ ಕುಕ್ಕಿದೆ. ಆಗ ರೊಟ್ಟಿ ಬಡಿಯುತ್ತಿದ್ದ ಅತ್ತೆ ಕೈ ನಿಲ್ಲಿಸಿ, ನನ್ನನ್ನು ಅಡುಗೆಮನೆಯೊಳಗೆ ಕರೆದು ಬಾಗಿಲು ಮುಂದೆ ಮಾಡಿ, "ಅವ್ರನ್ನ ಬೈಬ್ಯಾಡವ್ವಾ, ನಾನ ತಗೊಂಡೀನಿ" ಎಂದರು.

ಅದು ಯಾವುದರ ಔಷಧವೆಂದು ಅವರಿಗೆ ಯಾರು ಹೇಳಿದರು ಎಂದು ಕೇಳಿದೆ. "ಯಾರು ಹೇಳ್ಬೇಕು? ನೀ ಕುಂದ್ರೋದು ನೋಡಿ ಗೊತ್ತಾತು. ನಾನೂ ಹಂಗ ಕುಂದರ್ತೀನಿ" ಎಂದರು. ನಮ್ಮ ಮದುವೆಗೂ ಮುಂಚಿನಿಂದ ಅವರಿಗೆ ಆ ತುರಿಕೆಯಿತ್ತು. ಕೊಬ್ಬರಿ ಎಣ್ಣೆ ಹಚ್ಚಿದ್ದರು, ಸುಡುಸುಡು ನೀರಿನಲ್ಲಿ ತೊಳೆದಿದ್ದರು, ಗಾಯ ತೊಳೆಯುವ ಔಷಧವನ್ನು ನೀರಿಗೆ ಬೆರೆಸಿ ಉರಿಯಿಂದ ಹಲ್ಲು ಕಚ್ಚಿದ್ದರು. ಮದುವೆ ಮುಂಜಿಗಳಿಗೆ ಹೋದಾಗ ಕಾಲುನೋವೆಂದು ನೆಪ ಹೇಳಿ ಬೇಗ ಎದ್ದು ಬರುತ್ತಿದ್ದುದು ಇದಕ್ಕೇ. "ಈ ವಯಸ್ಸಿನ್ಯಾಗ ಇದೆಂಥಾ ರೋಗ ಅಂತ ನಗೂದಿಲ್ಲೇನು ಮಂದಿ?" ಎಂದು ಸೆರಗಿನಿಂದ ಮೂಗು ಒರೆಸಿಕೊಂಡರು. ಒಂದೇ ಬಚ್ಚಲಿನಲ್ಲಿ, ಒಬ್ಬರಾದ ಮೇಲೊಬ್ಬರು ಚಿಲಕ ಹಾಕಿಕೊಂಡು, ನಾವಿಬ್ಬರೂ ಒಂದೇ ಸಂಕಟ ಪಟ್ಟಿದ್ದೆವು. ನನಗೆ ತಡೆಯಲಾರದಷ್ಟು ಅಳು ಬಂತು.

ಮರುದಿನ ರಜೆ ಹಾಕಿ ಅವರನ್ನು ಡಾಕ್ಟರ್ ಸಬಾ ಅವರಲ್ಲಿಗೆ ಕರೆದುಕೊಂಡು ಹೋದೆ. ಡಾಕ್ಟರು ನನಗೂ ಅವರಿಗೂ ಸೇರಿಸಿಯೇ ಬೈದರು. ಮುಟ್ಟು ನಿಂತವರಿಗೆ ಬರುವ ತುರಿಕೆಗೆ ಬೇರೆ ಕಾರಣಗಳೂ ಇರುತ್ತವೆ, ಸೊಸೆಯ ಮುಲಾಮು ಅತ್ತೆಗೆ ಆಗಿಬರುತ್ತದೆಂದು ಯಾರು ಹೇಳಿದರು, ಮತ್ತೆ ಮತ್ತೆ ಬರುತ್ತಿದ್ದರೆ ರಕ್ತ ಪರೀಕ್ಷೆ ಮಾಡಿಸಲೇಬೇಕು ಎಂದರು. ಪರೀಕ್ಷೆಯಲ್ಲಿ ಸಕ್ಕರೆ ವಿಪರೀತ ಏರಿತ್ತು; ತುರಿಕೆ ಬಿಡದೆ ಕಾಡಿದ್ದು ಅದಕ್ಕೇ ಎಂದು ಎರಡಕ್ಕೂ ಔಷಧ ಬರೆದುಕೊಟ್ಟರು. ಅವರಿಗೆ ಸಕ್ಕರೆ ಕಾಯಿಲೆ ಇದೆಯೆಂದು ನಮ್ಮ ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಕಾಲಿನ ಮೇಲೊಂದು ಗಾಯ ಎಷ್ಟೋ ದಿನದಿಂದ ಮಾಯದೆ ಉಳಿದಿದ್ದನ್ನು ಡಾಕ್ಟರೇ ಸೀರೆ ಸರಿಸಿ ತೋರಿಸಿದರು. "ಇನ್ನೂ ಸ್ವಲ್ಪ ದಿನ ಸುಮ್ನಿದ್ದಿದ್ರೆ ಕಾಲಿಗೇ ಕುತ್ತು ಬರ್ತಿತ್ತಮ್ಮ" ಎಂದಾಗ ಅತ್ತೆ ನನ್ನ ಕೈ ಹಿಡಿದುಕೊಂಡರು. ಆ ತುರಿಕೆ ವರ್ಷಗಟ್ಟಲೆ ಬಾಗಿಲು ಬಡಿದು ಹೇಳುತ್ತಿದ್ದುದು ಇದನ್ನೇ, ಮಾನ್ಯರೇ. ತಾವು ಮಾತ್ರ ಮರ್ಯಾದೆ ಕಾಯುತ್ತಿದ್ದಿರಿ.

ವಾಪಸ್ಸು ಬರುವಾಗ ಅತ್ತೆ ನನ್ನನ್ನು ಆಟೋದಲ್ಲೇ ಕೂರಿಸಿ ತಾವೇ ಚೀಟಿ ಹಿಡಿದು ಮುನಿಆಂಜಿನಪ್ಪನವರ ಅಂಗಡಿಯ ಮೆಟ್ಟಿಲು ಹತ್ತಿದರು. ಅಂಗಡಿಯಲ್ಲಿ ಜನವಿತ್ತು. ನಮ್ಮ ಅತ್ತೆಯದು ಹೊಲದ ಆ ಬದುವಿನಿಂದ ಈ ಬದುವಿಗೆ ಕೂಗಿ ಪಳಗಿದ ಗಂಟಲು. "ತಮ್ಮಾ, ಹೆಣ್ಮಕ್ಕಳ ಜಾಗಾದಾಗ ತುರಿಕಿ ಐತಿ ನನಗ. ಡಾಕ್ಟರು ಬರದು ಕೊಟ್ಟಾರ. ಡಬ್ಬಿ ಸಮೇತ ಕೊಡು, ಹೆಂಗ ಹಾಕ್ಕೋಬೇಕಂತ ಬಾಯಿಬಿಟ್ಟು ಹೇಳು" ಎಂದದ್ದು ಆಟೋದವನಿಗೂ ಕೇಳಿಸಿತು. ಮುನಿಆಂಜಿನಪ್ಪನವರ ಕೈ ಅಭ್ಯಾಸಬಲದಿಂದ ತಮ್ಮನ್ನು ಹುಡುಕಿ ಮೇಜಿನ ಕೆಳಗೆ ಹೋಯಿತು. "ಅದ ಬ್ಯಾಡ" ಎಂದರು ಅತ್ತೆ. ಆ ಮನುಷ್ಯ ಕೆಂಪಗಾಗಿ, ಬೆವರಿ, ಕೊನೆಗೂ ಕ್ಯಾಲೆಂಡರನ್ನು ಬಿಟ್ಟು ಅವರ ಮುಖ ನೋಡಿ ಎಲ್ಲವನ್ನೂ ವಿವರಿಸಿದರು.

ಅತ್ತೆ ಮೆಟ್ಟಿಲಿಳಿಯುವಾಗ, ಕೆಮ್ಮಿನ ಔಷಧ ಕೊಳ್ಳಲು ನಿಂತಿದ್ದ ಒಬ್ಬ ಹೆಂಗಸು ಸರದಿಯನ್ನು ಬಿಟ್ಟು ಅವರ ಹಿಂದೆಯೇ ಬಂದಳು. ಸುತ್ತಮುತ್ತ ನೋಡಿ, ದನಿ ತಗ್ಗಿಸಿ, "ಅಮ್ಮ, ಆ ಡಾಕ್ಟ್ರು ಎಲ್ಲಿ ಸಿಗ್ತಾರೆ?" ಎಂದು ಕೇಳಿದಳು. ಅವಳಿಗೆ ಕೆಮ್ಮು ಇರಲಿಲ್ಲ.

ಹೀಗೆ ತಮ್ಮಿಂದ ಬಿಡುಗಡೆ ಕೋರುವ,
ತಮ್ಮ ವಿಶ್ವಾಸಿ,
ಸ್ಮಿತಾ ಹೇಮಂತ, ಅಟ್ಟೂರು

ತಾ.ಕ.: ಕೆಲಸ ಹೋಯಿತೆಂದು ತಾವು ಕಂಗೆಡಬೇಕಾಗಿಲ್ಲ. ನಮ್ಮ ಮಾವನವರು ಮೀಸೆಗೆ ಹಚ್ಚುವ ಕಪ್ಪು ಬಣ್ಣವನ್ನು ಈಗಲೂ ತಮ್ಮಲ್ಲೇ ಸುತ್ತಿಸಿ, ಅಂಗಿಯೊಳಗೆ ಬಚ್ಚಿಟ್ಟುಕೊಂಡು ತರುತ್ತಾರೆ. ಎಷ್ಟಾದರೂ ಅದು ನಿಜವಾದ ನಾಚಿಕೆಯ ವಿಷಯ.