ಹಲ್ಲಿನಿಂದ ಗಿಟ್ಟಿಸಿದ ಸೀಟು

ಪಿಯುಸಿಯಲ್ಲಿ ನನಗೆ ಬಂದದ್ದು ನೂರಕ್ಕೆ ಐವತ್ತೊಂದು. ಪ್ರವೇಶ ಪರೀಕ್ಷೆಯ ರ‍್ಯಾಂಕು ಕಲಬುರಗಿಯ ಪಿನ್ ಕೋಡಿನಷ್ಟು ಉದ್ದವಿತ್ತು. ಇದನ್ನು ತಲೆ ತಗ್ಗಿಸಿ ಹೇಳುತ್ತಿಲ್ಲ. ಐವತ್ತೊಂದು ಎಂದರೆ ಅರ್ಧಕ್ಕಿಂತ ಹೆಚ್ಚು. ಚುನಾವಣೆಯಲ್ಲಿ ಇಷ್ಟು ಬಂದವರು ಸರ್ಕಾರವನ್ನೇ ರಚಿಸುತ್ತಾರೆ. ನನಗೆ ಒಂದು ಬಿಎಸ್ಸಿ ಸೀಟು ಕೊಡಲು ಮಾತ್ರ ಎಲ್ಲರಿಗೂ ಸಂಕಟ.

ನನಗೆ ಬೇಕಾಗಿದ್ದದ್ದು ಕೃಷಿ ಕಾಲೇಜು. ಸೀಟು ಬೆರಳೆಣಿಕೆ, ಅರ್ಜಿ ರಾಶಿ ರಾಶಿ. ಸೇಡಂ ರಸ್ತೆಯ ನಮ್ಮ ಪಕ್ಕದ ಮನೆಯ ವೈನಿ ತಮ್ಮ ಮಗನ ತೊಂಬತ್ತಾರಕ್ಕೆ ಪೇಡೆ ಹಂಚಲು ಬಂದರು.

“ಇಷ್ಟ ಮಾರ್ಕ್ಸಿಗೆ ಅಲ್ಲಿ ಗೇಟಿನ ಒಳಗೂ ಬಿಡಂಗಿಲ್ಲ ರೀ. ಸುಮ್ಮ ಟೈಪಿಂಗ್ ಕ್ಲಾಸಿಗೆ ಹಚ್ಚರಿ ಆಕಿನ್ನ,” ಎಂದು ಅವ್ವನಿಗೆ ಹೇಳಿದರು.

“ವೈನಿ, ಆ ಕಾಲೇಜಿನ ಐಡಿ ಕಾರ್ಡ್ ಕೊಳ್ಳಾಗ ಹಾಕ್ಕೊಂಡು ಬಂದು ನಿಮಗ ಪೇಡೆ ಕೊಡ್ತೀನಿ,” ಎಂದೆ.

ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. “ಈ ಸಲ ಸಿಗಲಿಲ್ಲಂದ್ರ ಟೈಪಿಂಗೇ. ನೋಡು ಮತ್ತ.”

ನನ್ನ ಧೈರ್ಯಕ್ಕೆ ಕಾರಣವಿತ್ತು. ರೈತರ ಮಕ್ಕಳಿಗೆ ಬೇರೆ ಕೋಟಾ ಇದೆ. ಅದಕ್ಕೆ ಬೀಜ, ಗಿಡ ಗುರುತಿಸುವ ಪ್ರಾಯೋಗಿಕ ಪರೀಕ್ಷೆ. ಒಟ್ಟು ಅಂಕದಲ್ಲಿ ಅರ್ಧ ಪಾಲು ಅದರದೇ. ಕಮಲಾಪುರದಲ್ಲಿ ನಮ್ಮದು ಮೂರು ಎಕರೆ ಕೆಂಪು ಬಾಳೆ ತೋಟ, ಪಕ್ಕದಲ್ಲಿ ಒಂದಿಷ್ಟು ಹೊಲ ಇದೆ. ಆದ್ದರಿಂದ ಕಾಗದಪತ್ರಗಳ ಪ್ರಕಾರ ನಾನು ಅಪ್ಪಟ ರೈತನ ಮಗಳು. ಅಪ್ಪ ಬ್ಯಾಂಕಿನ ಗುಮಾಸ್ತ, ನಾನು ಹೊಲ ನೋಡಿದ್ದೆಲ್ಲ ಬಸ್ಸಿನ ಕಿಟಕಿಯಿಂದ ಎಂಬುದು ಒಂದು ಸಣ್ಣ ತಾಂತ್ರಿಕ ವಿಷಯ.

ಪರೀಕ್ಷೆಗೆ ಹತ್ತು ದಿನ ಇರುವಾಗ ಕಮಲಾಪುರದ ಬಸ್ಸು ಹತ್ತಿದೆ. ಅಲ್ಲಿ ಆಯಿ, ಅಂದರೆ ಅಪ್ಪನ ತಾಯಿ, ಮುಂದಿನ ಬಿತ್ತನೆಯ ಬೀಜಗಳನ್ನು ಹುಳ ಬೀಳಬಾರದೆಂದು ಬೂದಿಯಲ್ಲಿ ಕಲಸಿ ಗಡಿಗೆಗಳಲ್ಲಿ ಇಟ್ಟಿರುತ್ತಾಳೆ. ಎಂಟು ದಿನ ಕೂತು, ಪ್ರತಿ ಗಡಿಗೆಯಿಂದ ಬೂದಿಯ ಸಮೇತ ಒಂದೊಂದು ಚಿಟಿಕೆ ತೆಗೆದು, ಹಿಟ್ಟಿನ ಅಂಟಿನಿಂದ ನೋಟ್‌ಬುಕ್ಕಿಗೆ ಅಂಟಿಸಿ, ಕೆಳಗೆ ದುಂಡಗೆ ಹೆಸರು ಬರೆದೆ. ಅಂಟು ಒಣಗಲೆಂದು ಅದನ್ನು ಅಂಗಳದ ಬಿಸಿಲಿಗೆ ಬಿಚ್ಚಿಟ್ಟು ಚಹಾ ಕುಡಿಯಲು ಒಳಗೆ ಹೋದೆ. ಹೊರಗೆ ಬರುವಷ್ಟರಲ್ಲಿ ಪಕ್ಕದ ಮನೆಯ ಕೋಳಿಗಳು ಇಡೀ ಪಠ್ಯವನ್ನು ನನಗಿಂತ ಚೆನ್ನಾಗಿ ಜೀರ್ಣಿಸಿಕೊಂಡಿದ್ದವು.

“ಆಯಿ, ಎಲ್ಲಾ ಬೂದಿ ಬೂದಿ ಕಾಣ್ತಾವ. ನೀ ಹ್ಯಾಂಗ ಗುರ್ತ ಹಿಡಿತಿ?”

“ನನಗ ಕಣ್ಣ ಎಲ್ಲಿ ಕಾಣ್ತಾವ? ಹಲ್ಲಿಗಿ ಹಚ್ಚಿ ನೋಡು, ರುಚಿನೇ ಯಾವ ಕಾಳಂತ ಹೇಳ್ತದ. ಕಟ್ ಅಂದ್ರ ಬಿತ್ತಬಹುದು. ಮೆತ್ತಗ ಹತ್ತಿದ್ರ ಇನ್ನಾ ಬಿಸಲಿಗಿ ಹಾಕು.”

ಉಳಿದ ಎರಡು ದಿನ ಗಡಿಗೆಯ ಮುಂದೆ ಕೂತು ಕಡಿದೆ, ಉಗುಳಿದೆ, ಮತ್ತೆ ಕಡಿದೆ. ಹೊಟ್ಟೆ ಕೆಟ್ಟಿತು, ಆದರೆ ನಾಲಿಗೆ ತಯಾರಾಯಿತು.

ಆ ಕಾಲೇಜಿನ ಪರೀಕ್ಷಾ ಹಾಲ್‌ನಲ್ಲಿ ದಪ್ಪ ಕನ್ನಡಕದ ಮೇಷ್ಟ್ರೊಬ್ಬರು ಪೆನ್ನು ಹಿಡಿದು ನಿಂತಿದ್ದರು. ಮೊದಲು ಬಾಳೆಯ ಕಂದು ತೋರಿಸಿದರು. ಥಟ್ಟನೆ ಹೇಳಿದೆ. ಮುಂದೆ ಕುಂಡದಲ್ಲೊಂದು ಗಿಡ. ತೊಗರಿಯ ಊರಿನಲ್ಲಿ ಹುಟ್ಟಿ, ದಿನಕ್ಕೆ ಎರಡು ಹೊತ್ತು ತೊಗರಿಬೇಳೆ ಉಂಡು ಬೆಳೆದ ನಾನು, ಆ ತೊಗರಿ ಗಿಡವನ್ನು ದಿಟ್ಟಿಸಿ ನೋಡಿ, “ಮೆಹಂದಿ ರೀ ಸರ್,” ಎಂದೆ.

ಪೆನ್ನು ಅಡ್ಡಗೆರೆ ಎಳೆದ ಸದ್ದು ಕೇಳಿಸಿತು.

ಆಮೇಲೆ ಬೀಜದ ಬಟ್ಟಲುಗಳು. ನೋಡಿದರೆ ಎಲ್ಲವೂ ಗುಲಾಬಿ ಬಣ್ಣ! ನಾನು ಕಲಿತ ಬೀಜಗಳೆಲ್ಲ ಬೂದಿ ಬಣ್ಣದವು. ತಲೆ ಖಾಲಿಯಾಯಿತು. ಆಯಿ ನೆನಪಾದಳು. ಮೊದಲ ಬಟ್ಟಲಿನಿಂದ ನಾಲ್ಕು ಕಾಳು ತೆಗೆದು ಬಾಯಿಗೆ ಹಾಕಿ ಕಡಿದೇಬಿಟ್ಟೆ.

“ಉಗುಳವ್ವಾ, ಉಗುಳು! ಅದಕ್ಕ ಔಷಧ ಹಚ್ಚೇವಿ!”

ಮೇಷ್ಟ್ರ ಪೆನ್ನು ಕೆಳಗೆ ಬಿತ್ತು. ಜವಾನ ನೀರು ತಂದ. ಕಿಟಕಿಯಾಚೆ ನಾನು ಗುಲಾಬಿ ಬಣ್ಣದ ನೀರು ಉಗುಳುತ್ತಿದ್ದರೆ, ಸಾಲಿನಲ್ಲಿದ್ದ ಅಸಲಿ ರೈತರ ಮಕ್ಕಳು ಎರಡು ಹೆಜ್ಜೆ ಹಿಂದೆ ಸರಿದರು.

“ಬೀಜಕ್ಕ ವಿಷ ಹಚ್ಚಿದ್ದೂ ಗೊತ್ತಾಗಂಗಿಲ್ಲಂದ್ರ ನಿನಗ ಹ್ಯಾಂಗ ಸೀಟ್ ಕೊಡೂದು? ಮೊದಲ ದವಾಖಾನಿಗಿ ಹೋಗು,” ಎಂದರು ಮೇಷ್ಟ್ರು.

ವೈನಿಯ ಪೇಡೆ, ಅಪ್ಪನ ಟೈಪಿಂಗು ಎಲ್ಲ ಕಣ್ಣ ಮುಂದೆ ಬಂದವು. ನನಗೆ ಸಿಟ್ಟು ನೆತ್ತಿಗೇರಿತು.

“ಹೋಗ್ತೀನಿ ರೀ ಸರ್. ಆದ್ರ ಅದು ಜೋಳ. ಮತ್ತ ಸರಿ ಒಣಗಿಲ್ಲ, ಹಲ್ಲಿಗಿ ಮೆತ್ತಗ ಹತ್ತಿತು. ಹಿಂಗೇ ಚೀಲದಾಗ ಇಟ್ರ ಬೂಷ್ಟ ಹಿಡಿತದ. ಬೇಕಂದ್ರ ನೋಡ್ರಿ.”

ಮೇಷ್ಟ್ರು ಬಟ್ಟಲನ್ನು ನೋಡಿದರು. ತೇವ ಅಳೆಯುವ ಯಂತ್ರ ತರಿಸಿದರು. ಯಂತ್ರವೂ ನಮ್ಮ ಆಯಿಯ ಪರವಾಗಿಯೇ ಮಾತಾಡಿತು.

“ಇದನ್ನ ಯಾರ ಕಲಿಸಿದರು ನಿನಗ?”

“ನಮ್ಮ ಆಯಿ ರೀ. ಆಕಿಗಿ ಈಗ ನಾಕ ಹಲ್ಲ ಉಳದಾವ.”

ಮೇಷ್ಟ್ರು ಪೆನ್ನು ಎತ್ತಿಕೊಂಡು ಆ ಬಟ್ಟಲಿಗೆ ಪೂರ್ತಿ ಅಂಕ ಬರೆದರು. ಉಳಿದ ಬಟ್ಟಲುಗಳ ಬಗ್ಗೆ ನನ್ನ ಕೈ ಹಿಂದೆ ಕಟ್ಟಿಸಿ ಕೇಳಿದರು. ಆಕಾರ ನೋಡಿ ಅರ್ಧಕ್ಕೆ ಸರಿ ಉತ್ತರ ಕೊಟ್ಟೆ. ಅರ್ಧ ನನಗೆ ಒಗ್ಗಿದ ಲೆಕ್ಕ. ಅಲ್ಲಿಂದ ನೇರ ದವಾಖಾನೆಗೆ ಹೋದೆ. ಡಾಕ್ಟರು ಬೈದು ಕಳಿಸಿದರು.

ಕೌನ್ಸೆಲಿಂಗಿನ ಕೊನೆಯ ಸುತ್ತಿನಲ್ಲಿ, ಕೊನೆಯ ಸೀಟು ನನಗೆ ಸಿಕ್ಕಿತು. ಐಡಿ ಕಾರ್ಡ್ ಹಾಕಿಕೊಂಡು ವೈನಿಯ ಮನೆಗೆ ಪೇಡೆ ಒಯ್ದೆ.

“ಏನಂದ್ರೂ ಐವತ್ತೊಂದೇ ಅಲ್ಲೇನು,” ಎಂದರು.

“ಹೌದ್ರಿ ವೈನಿ, ಐವತ್ತೊಂದೇ. ಎರಡು ತಗೋರಿ.”

ಮೊದಲ ದಿನ ಅದೇ ಹಾಲ್‌ನಲ್ಲಿ ಕ್ಲಾಸು. ಗೋಡೆಯ ಮೇಲೆ ಬಣ್ಣ ಆರದ ಹೊಸ ಬೋರ್ಡು: ‘ಬೀಜಗಳನ್ನು ಬಾಯಿಗೆ ಹಾಕಬಾರದು’. ಮೇಷ್ಟ್ರು ಅದನ್ನು ಗಟ್ಟಿಯಾಗಿ ಓದಿ ನನ್ನತ್ತ ನೋಡಿದರು. ಇಡೀ ಕ್ಲಾಸು ಅವರ ನೋಟದ ಜಾಡು ಹಿಡಿದು ನನ್ನತ್ತ ತಿರುಗಿತು. ನಾನು ತಲೆ ತಗ್ಗಿಸಲಿಲ್ಲ. ತೊಂಬತ್ತಾರು ಬಂದವರಿಗಾಗಿ ಯಾವ ಕಾಲೇಜಾದರೂ ಬೋರ್ಡು ಬರೆಸಿದ್ದುಂಟೇ? ಹಾಗೆಂದು ಎದೆಯುಬ್ಬಿಸಿ ಕೂರುವಷ್ಟರಲ್ಲಿ ಮೇಷ್ಟ್ರು ನನ್ನನ್ನು ಕರೆದು ಮುಂದಿನ ಬೆಂಚಿಗೆ, ಬೀಜದ ಕಪಾಟಿನಿಂದ ಸಾಕಷ್ಟು ದೂರ, ಕೂರಿಸಿದರು.